ಒಂದೇ ಹೆಸರಿನ ಎರಡು ಕಾಸರಗೋಡು: ಟರ್ಮಿನಲ್‌ನಿಂದ ಫೈಲು ಅಳಿಸಿದ ಒಂದು ಪ್ರಕರಣ

ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯ ಲ್ಯಾಬಿನಲ್ಲಿ, ಎಸ್‌ಎಸ್‌ಎಲ್‌ಸಿ ಐಟಿ ಪ್ರಾಯೋಗಿಕ ಪರೀಕ್ಷೆಗೆ ಹತ್ತು ದಿನಗಳಿರುವಾಗ, ಎಲ್ಲರೂ ‘ಸರ್ವರ್’ ಎಂದು ಕರೆಯುತ್ತಿದ್ದ ಡೆಸ್ಕ್‌ಟಾಪಿನ ಡಿಸ್ಕು ತುಂಬಿ ನಿಂತಿತು. ಆ ಶಾಲೆಯ ಹಳೆ ವಿದ್ಯಾರ್ಥಿಯಾದ ನಾನು ಮಂಗಳೂರಿನಲ್ಲಿ ಕಂಪ್ಯೂಟರ್ ನಿರ್ವಹಣೆಯ ಕೆಲಸದಲ್ಲಿರುವುದರಿಂದ ಐಟಿ ಜವಾಬ್ದಾರಿ ಹೊತ್ತಿದ್ದ ಎಸ್‌ಐಟಿಸಿ ಟೀಚರ್ ನನಗೆ ಫೋನ್ ಮಾಡಿದರು. ಕೇರಳದ ಶಾಲೆಗಳಲ್ಲಿ ಬಹುಕಾಲದಿಂದ ಗ್ನೂ/ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಬಳಕೆಯಲ್ಲಿರುವ ಕಾರಣ ಅಲ್ಲಿನ ಮಕ್ಕಳಿಗೆ ಕೀಬೋರ್ಡಿನಿಂದ ಕಮಾಂಡು ಒತ್ತಿ ಕೆಲಸ ಮಾಡಿಸುವ ಟರ್ಮಿನಲ್ ಎಂದರೆ ಭಯವಿಲ್ಲ. 2018ರಲ್ಲಿ ಆರಂಭವಾದ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಐಟಿ ಕ್ಲಬ್ಬಿನ ಘಟಕದ ಮಕ್ಕಳಂತೂ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣಪುಟ್ಟ ಸ್ಕ್ರಿಪ್ಟು ಬರೆಯುತ್ತಾರೆ. ಭಯವಿಲ್ಲದಿರುವುದೇ ಈ ಪ್ರಕರಣದಲ್ಲಿ ಸ್ವಲ್ಪ ತೊಂದರೆಯನ್ನೂ ಕೊಟ್ಟಿತು. ಆದರೆ ಮೊದಲ ತಪ್ಪು ಮಕ್ಕಳದ್ದಲ್ಲ, ನನ್ನದು.

ಡಿಸ್ಕಿನಲ್ಲಿದ್ದದ್ದು ಮಕ್ಕಳು ಎರಡು ವರ್ಷಗಳಿಂದ ಕೂಡಿಸಿದ ಹಿರಿಯರ ಮಾತುಗಳ ಧ್ವನಿಮುದ್ರಣ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಶಾಲೆಗೆ ಹೋಗುತ್ತಿದ್ದವರ ನೆನಪು, ಗದ್ದೆಯ ಹಾಡು, ಹಬ್ಬದ ವಿವರ ಇತ್ಯಾದಿ. ‘ಸಂಗ್ರಹ’ ಎಂಬ ಫೋಲ್ಡರಿನೊಳಗೆ ಊರಿಗೊಂದರಂತೆ ಫೋಲ್ಡರುಗಳಿದ್ದವು: ಮಂಜೇಶ್ವರ, ಹೊಸಂಗಡಿ, ಉಪ್ಪಳ, ಪೈವಳಿಕೆ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು, ಕಾಸರಗೋಡು, ಬೇಕಲ, ನೀಲೇಶ್ವರ. ಇವುಗಳ ನಡುವೆ ಯಾರೂ ಬೇಕೆಂದು ಇಟ್ಟದ್ದಲ್ಲದ, ಟರ್ಮಿನಲ್‌ನಿಂದ ಅಳಿಸಲು ಹೋದರೆ ಕೆಲವೊಮ್ಮೆ ಅಳಿಯದ, ಕೆಲವೊಮ್ಮೆ ಬೇರೆಯದೇ ಅಳಿದುಹೋಗುವ ಹತ್ತಾರು ವಿಚಿತ್ರ ಹೆಸರುಗಳು ಸೇರಿಕೊಂಡಿದ್ದವು.

ಮುಂದೆ ಬರುವ ಕಮಾಂಡುಗಳನ್ನು ನಾವು ಓದಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಒತ್ತುವಾಗ ಅವು ಸಣ್ಣ ಇಂಗ್ಲಿಷ್ ಅಕ್ಷರಗಳಾಗುತ್ತವೆ. ಚಿಹ್ನೆಗಳು, ಊರು-ಫೈಲುಗಳ ಹೆಸರುಗಳು ಮಾತ್ರ ಇದ್ದ ಹಾಗೆಯೇ. ಆರ್‌ಎಂ ಎಂಬುದು ಅಳಿಸುವ ಕಮಾಂಡು. ಅದಕ್ಕೆ ಕೊಡುವ ಆಯ್ಕೆಗಳಲ್ಲಿ -ಆರ್ ಎಂದರೆ ಫೋಲ್ಡರನ್ನು ಒಳಗಿನದರ ಸಮೇತ ಅಳಿಸು, -ಐ ಎಂದರೆ ಅಳಿಸುವ ಮೊದಲು ಕೇಳು.

ಕುಂಬಳೆ ಹೋದ ಬಗೆ

ಶನಿವಾರ ಸಂಜೆ ಲ್ಯಾಬಿಗೆ ಹೋಗಿ ಕುಳಿತವನು ಮೊದಲು ಕಂಡದ್ದು ‘ಕುಂಬಳೆ ಸೀಮೆ’ ಎಂಬ ಫೋಲ್ಡರನ್ನು. ಅದು ಬೇಡವೆಂದು ಟೀಚರ್ ಹೇಳಿದರು. ಬಸ್ಸಿನ ಹೊತ್ತಾಗುತ್ತಿದ್ದ ಅವಸರದಲ್ಲಿ ನಾನು ಒತ್ತಿದ್ದು ಹೀಗೆ:

ಆರ್‌ಎಂ -ಆರ್ ಕುಂಬಳೆ ಸೀಮೆ

ಪರದೆಯ ಮೇಲೆ ‘ಸೀಮೆ’ ಎಂಬ ಫೈಲಾಗಲಿ ಫೋಲ್ಡರಾಗಲಿ ಇಲ್ಲವೆಂಬ ಒಂದೇ ಒಂದು ಸಾಲು ಬಂತು. ನಕ್ಕು ಇನ್ನೊಮ್ಮೆ ಒತ್ತಲು ಹೊರಟವನಿಗೆ ಆ ಸಾಲಿನ ಅರ್ಥ ತಲೆಗೆ ಹತ್ತಲು ಎರಡು ಕ್ಷಣ ಹಿಡಿಯಿತು. ಸೀಮೆ ಇಲ್ಲವೆಂದು ದೂರು ಬಂದಿದೆ ಎಂದರೆ ಕುಂಬಳೆಯ ಬಗ್ಗೆ ದೂರಿಲ್ಲ. ದೂರಿಲ್ಲವೆಂದರೆ ಆ ಕೆಲಸ ಮುಗಿದಿದೆ. ಹನ್ನೊಂದು ಧ್ವನಿಮುದ್ರಣಗಳಿದ್ದ ನಿಜವಾದ ‘ಕುಂಬಳೆ’ ಫೋಲ್ಡರು ಮಾಯವಾಗಿತ್ತು. ‘ಕುಂಬಳೆ ಸೀಮೆ’ ಅಲ್ಲಿಯೇ ಇತ್ತು.

ಇಲ್ಲಿ ನಡೆದದ್ದನ್ನು ಬಿಡಿಸಿ ನೋಡಬೇಕು, ಏಕೆಂದರೆ ಉಳಿದ ಪ್ರಕರಣವೆಲ್ಲ ಇದರ ಮೇಲೆಯೇ ನಿಂತಿದೆ. ನಾವು ಒತ್ತಿದ ಸಾಲು ನೇರವಾಗಿ ಆರ್‌ಎಂ ಕೈಗೆ ಹೋಗುವುದಿಲ್ಲ. ನಡುವೆ, ಒತ್ತಿದ್ದನ್ನು ಮೊದಲು ಓದುವ ಶೆಲ್ ಎಂಬ ಪ್ರೋಗ್ರಾಮು ಕುಳಿತಿದೆ. ಅದು ಸಾಲನ್ನು ಖಾಲಿ ಜಾಗದಲ್ಲಿ ಕತ್ತರಿಸುತ್ತದೆ, * ಮತ್ತು ? ಕಂಡಲ್ಲಿ ಹೊಂದುವ ಹೆಸರುಗಳನ್ನು ತುಂಬುತ್ತದೆ, ~ ಕಂಡರೆ ಬಳಕೆದಾರನ ಮನೆ-ಫೋಲ್ಡರಿನ ದಾರಿಯನ್ನು ಇಡುತ್ತದೆ, ಉದ್ಧರಣ ಚಿಹ್ನೆಗಳನ್ನು ಓದಿಕೊಂಡು ಕಿತ್ತು ಬಿಸಾಡುತ್ತದೆ. ಇಷ್ಟೆಲ್ಲ ಆದ ಮೇಲೆ ಉಳಿದ ತುಂಡುಗಳ ಪಟ್ಟಿಯನ್ನಷ್ಟೇ ಆರ್‌ಎಂ ನೋಡುತ್ತದೆ. ಕುಂಬಳೆ ಮತ್ತು ಸೀಮೆ ಎಂಬ ಎರಡು ತುಂಡುಗಳು ಅದರ ಕೈ ಸೇರಿದವು. ಅವೆರಡೂ ಒಂದೇ ಹೆಸರಿನ ಭಾಗವೆಂದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ‘ಕುಂಬಳೆ ಸೀಮೆ’ ಎಂದು ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆದಿದ್ದರೆ ಒಂದೇ ತುಂಡಾಗಿ ಹೋಗುತ್ತಿತ್ತು.

ಒಂದು ಖಾಲಿ ಜಾಗದಿಂದ ಅನಾಹುತ ಮಾಡಿಕೊಂಡವರಲ್ಲಿ ನಾನು ಮೊದಲಿಗನಲ್ಲ ಎಂಬುದು ಸಮಾಧಾನವೋ ನಾಚಿಕೆಯೋ ತಿಳಿಯದು. 2011ರಲ್ಲಿ ಬಂಬಲ್‌ಬೀ ಎಂಬ ಲಿನಕ್ಸ್ ಗ್ರಾಫಿಕ್ಸ್ ತಂತ್ರಾಂಶದ ಸ್ಥಾಪನಾ ಸ್ಕ್ರಿಪ್ಟಿನಲ್ಲಿ ಯುಎಸ್‌ಆರ್ ಎಂಬ ಫೋಲ್ಡರಿನ ಹೆಸರಾದ ಮೇಲೆ ತಪ್ಪಿ ಒಂದು ಖಾಲಿ ಜಾಗ ಬಿದ್ದಿತ್ತು. ಅದರೊಳಗಿನ ಒಂದು ಚಿಕ್ಕ ಫೋಲ್ಡರನ್ನು ಅಳಿಸಬೇಕಾಗಿದ್ದ ಸಾಲು, ಅನುಸ್ಥಾಪಿಸಿದವರ ಇಡೀ ಯುಎಸ್‌ಆರ್ ಫೋಲ್ಡರನ್ನೇ ಅಳಿಸಿತು. ಪರಿಣತರು ಬರೆದ ಸಾಲು ಅದು.

ಆರ್‌ಎಂ ಕಸದಬುಟ್ಟಿಗೆ ಹಾಕುವುದಿಲ್ಲ. ಫೋಲ್ಡರಿನ ಪಟ್ಟಿಯಿಂದ ಹೆಸರನ್ನು ತೆಗೆಯುತ್ತದೆ. ಆ ಫೈಲಿಗೆ ಬೇರೆ ಹೆಸರೂ ಇಲ್ಲದೆ, ಯಾವ ಪ್ರೋಗ್ರಾಮೂ ಅದನ್ನು ತೆರೆದಿಟ್ಟುಕೊಂಡಿರದೆ ಇದ್ದರೆ, ಅದು ಹಿಡಿದಿದ್ದ ಜಾಗ ಬಿಡುಗಡೆಯಾಗುತ್ತದೆ. ಅಲ್ಲಿಂದ ಹಿಂದೆ ತರುವುದು ಭರವಸೆಯ ಕೆಲಸವಲ್ಲ. ಆ ಸಂಜೆ ಮಾಡಬಹುದಾಗಿದ್ದದ್ದು ಒಂದೇ, ಮಾತು ದಾಖಲಿಸಿದ ಮಕ್ಕಳ ಫೋನುಗಳನ್ನು ಹುಡುಕುವುದು. ಟೀಚರ್ ಮಾತ್ರ ಗದರಲಿಲ್ಲ. “ಇರ್ಲಿ, ಮಕ್ಕಳ ಹತ್ರ ಕೇಳುವ. ನೀವು ಇವತ್ತು ಇನ್ನೇನೂ ಅಳಿಸ್ಬೇಡಿ,” ಎಂದಷ್ಟೇ ಹೇಳಿದರು. ನಾನು ಕೊನೆಯ ಬಸ್ಸು ಹಿಡಿದೆ.

ಎರಡನೆಯ ಭೇಟಿ: ಅಳಿಸುವ ಮೊದಲು ನೋಡುವುದು

ಮರುದಿನ ಬೆಳಗ್ಗೆ ನಾನು ಮೊದಲು ಮಾಡಿದ್ದು, ಡಿಸ್ಕು ತುಂಬಿದ್ದು ಏಕೆಂದು ನೋಡಿದ್ದು. ಕಾರಣ ನೀರಸವಾಗಿತ್ತು. ಡೆಸ್ಕ್‌ಟಾಪಿನ ಫೈಲ್ ಮ್ಯಾನೇಜರಿನಲ್ಲಿ ಮಕ್ಕಳು ವರ್ಷಗಟ್ಟಲೆ ‘ಡಿಲೀಟ್’ ಒತ್ತಿದ ವೀಡಿಯೊಗಳೆಲ್ಲ ಆ ಪಾರ್ಟಿಶನ್ನಿನ (ಡಿಸ್ಕಿನ ಒಂದು ವಿಭಾಗದ) ಬುಡದಲ್ಲಿ, ಚುಕ್ಕೆಯಿಂದ ಆರಂಭವಾಗುವ ಕಾರಣ ಕಣ್ಣಿಗೆ ಬೀಳದ ಟ್ರ್ಯಾಶ್-1000 ಎಂಬ ಫೋಲ್ಡರಿನಲ್ಲಿ ಬಿದ್ದಿದ್ದವು. ಕಸದಬುಟ್ಟಿ ಖಾಲಿ ಮಾಡಿದಾಗ ಪರೀಕ್ಷೆಗೆ ಬೇಕಾದಷ್ಟು ಜಾಗ ಸಿಕ್ಕಿತು. ಹಿಂದಿನ ದಿನ ಇದನ್ನೇ ಮೊದಲು ನೋಡಿದ್ದರೆ ಕುಂಬಳೆ ಉಳಿಯುತ್ತಿತ್ತು. ಅವಸರ ಕಳೆದ ಮೇಲೆ ವಿಚಿತ್ರ ಹೆಸರುಗಳ ಕಡೆಗೆ ಬಂದೆವು.

ಹೊಸ ಲಿನಕ್ಸ್‌ಗಳಲ್ಲಿ, ಫೋಲ್ಡರಿನೊಳಗಿನ ಹೆಸರುಗಳನ್ನು ಪಟ್ಟಿಮಾಡುವ ಎಲ್‌ಎಸ್ ಕಮಾಂಡು, ಹೆಸರಿನಲ್ಲಿ ಖಾಲಿ ಜಾಗವೋ ವಿಶೇಷ ಚಿಹ್ನೆಯೋ ಇದ್ದರೆ, ತಾನಾಗಿಯೇ ಅದರ ಸುತ್ತ ಉದ್ಧರಣ ಚಿಹ್ನೆ ಹಾಕಿ ತೋರಿಸುತ್ತದೆ. ಗ್ನೂ ಉಪಕರಣಗಳಲ್ಲಿ 2016ರಿಂದ ಬಂದ ಅಭ್ಯಾಸವಿದು. ಹಲವರಿಗೆ ಕಿರಿಕಿರಿ ಎನಿಸಿದ ಈ ಬದಲಾವಣೆ ನನಗೆ ಇಷ್ಟ. ಸಂಗ್ರಹದ ಪಟ್ಟಿಯಲ್ಲಿ ಯಾವ ಹೆಸರಿನ ಸುತ್ತ ಉದ್ಧರಣ ಚಿಹ್ನೆ ಇದೆಯೋ ಅದರ ಮೇಲೆ ಕಣ್ಣಿಡಿ ಎಂದು ಮಕ್ಕಳಿಗೆ ಹೇಳಿದೆ.

ಮೊದಲ ಗುಂಪು ಅಡ್ಡಗೆರೆಯಿಂದ ಆರಂಭವಾಗುವ ಹೆಸರುಗಳದ್ದು. ಬೇಡದ ಫೈಲುಗಳ ಹೆಸರಿನ ಮುಂದೆ ಒಂದು ಹುಡುಗಿ ಗುರುತಿಗೆಂದು - ಹಾಕುತ್ತಾ ಹೋಗಿದ್ದಳು: ‘-ಹಳೆಯದು’, ‘-ಬೇಡ’. ಯೋಚನೆ ಒಳ್ಳೆಯದೇ. ಆದರೆ ಅಡ್ಡಗೆರೆಯಿಂದ ಆರಂಭವಾಗುವ ತುಂಡನ್ನು ಆರ್‌ಎಂ ಹೆಸರೆಂದಲ್ಲ, ತನಗೆ ಕೊಟ್ಟ ಆಯ್ಕೆಯೆಂದು ಓದುತ್ತದೆ. ‘-ಹಳೆಯದು’ ಎಂದಾಗ ತಪ್ಪು ಆಯ್ಕೆ ಎಂಬ ಸಂದೇಶದ ಜೊತೆ ಒಂದು ಒಡೆದ ಚೌಕದಂಥ ಗುರುತು ಬಂತು. ಆಯ್ಕೆಗಳನ್ನು ಒಂದೊಂದು ಬೈಟಿನಂತೆ ಓದುವ ಭಾಗ ಅದು. ಅಕ್ಷರಗಳನ್ನು ಬೈಟುಗಳಾಗಿ ಇಡುವ ಯೂಟಿಎಫ್-8 ಕ್ರಮದಲ್ಲಿ ‘ಹ’ಕ್ಕೆ ಮೂರು ಬೈಟು. ಮೂರರಲ್ಲಿ ಮೊದಲನೆಯದನ್ನಷ್ಟೇ ಹಿಡಿದು ಪರದೆಗೆ ಎಸೆದರೆ ಅಕ್ಷರವೆಲ್ಲಿಂದ ಕಾಣಬೇಕು? ಕನ್ನಡ ಹೆಸರಿನಿಂದಾಗಿ ಇಲ್ಲಿ ತಡೆಯಾಯಿತು, ಅದು ಅದೃಷ್ಟ. ಇಂಗ್ಲಿಷಿನ ‘ಆರ್’ ಮತ್ತು ‘ಎಫ್’ ಎಂಬ ಎರಡೇ ಅಕ್ಷರಗಳ ಮುಂದೆ ಅಡ್ಡಗೆರೆ ಇರುವ ಫೈಲು ಯಾವುದಾದರೂ ಇದ್ದು, ನಾವು ಆರ್‌ಎಂ * ಎಂದಿದ್ದರೆ, ಶೆಲ್ ಆ ಹೆಸರನ್ನೂ ಪಟ್ಟಿಯಲ್ಲಿ ತುಂಬುತ್ತಿತ್ತು; ಆರ್‌ಎಂ ಅದನ್ನು ‘ಒಳಗಿರುವುದನ್ನೆಲ್ಲ, ಕೇಳದೆ ಅಳಿಸು’ ಎಂದು ಓದಿಕೊಂಡು, ಫೈಲುಗಳ ಜೊತೆ ಫೋಲ್ಡರುಗಳನ್ನೂ ಗುಡಿಸುತ್ತಿತ್ತು.

ಪರಿಹಾರ ಎರಡು. ಹೆಸರಿನ ಮುಂದೆ ಈಗಿರುವ ಫೋಲ್ಡರಿನ ದಾರಿಯನ್ನು ಹಚ್ಚುವುದು ಒಂದು. ಆಯ್ಕೆಗಳು ಇಲ್ಲಿಗೆ ಮುಗಿದವು ಎಂದು ಜೋಡಿ ಅಡ್ಡಗೆರೆಯಿಂದ ತಿಳಿಸುವುದು ಇನ್ನೊಂದು.

ಆರ್‌ಎಂ -ಐ ./-ಹಳೆಯದು
ಆರ್‌ಎಂ -ಐ -- -ಹಳೆಯದು

ನಾನು ಮೊದಲನೆಯದನ್ನೇ ಹೇಳಿಕೊಡುತ್ತೇನೆ. ಜೋಡಿ ಅಡ್ಡಗೆರೆಯನ್ನು ಎಲ್ಲ ಪ್ರೋಗ್ರಾಮುಗಳೂ ಒಪ್ಪುವುದಿಲ್ಲ; ./ ಎಂಬುದು ಬರೀ ದಾರಿಯಾದ ಕಾರಣ ಒಪ್ಪದವರು ಯಾರೂ ಇಲ್ಲ. ಗ್ನೂ ಆರ್‌ಎಂ ಸಹ ಹೀಗೆ ಎಡವಿದವರಿಗೆ ./ ಹಾಕಿ ನೋಡಿ ಎಂದೇ ಸೂಚಿಸುತ್ತದೆ. ಅದನ್ನೇ ರೂಢಿ ಮಾಡಿಕೊಂಡರೆ ಆರ್‌ಎಂ * ಎನ್ನುವಲ್ಲಿಯೂ ಕೈ ತಾನಾಗಿ ./* ಎಂದು ಒತ್ತುತ್ತದೆ.

ಅದೇ ./ ನಮ್ಮನ್ನು ಇನ್ನೊಂದು ಗಂಡಾಂತರದಿಂದಲೂ ಪಾರುಮಾಡಿತು. ಸಂಗ್ರಹದೊಳಗೆ ~ ಎಂಬ ಒಂದೇ ಚಿಹ್ನೆಯ ಹೆಸರಿನ ಫೋಲ್ಡರು ಇತ್ತು. ಯಾರೋ ತಂದು ಹಾಕಿದ ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ದಾರಿಯನ್ನು ಉದ್ಧರಣ ಚಿಹ್ನೆಯೊಳಗೆ ಬರೆದಿದ್ದರಿಂದ ಶೆಲ್ ~ ಅನ್ನು ಮನೆ-ಫೋಲ್ಡರಾಗಿ ಬಿಡಿಸದೆ, ಆ ಚಿಹ್ನೆಯ ಹೆಸರಿನ ಹೊಸ ಫೋಲ್ಡರನ್ನೇ ಸೃಷ್ಟಿಸಿತ್ತು. ಅದನ್ನು ತೆಗೆಯಲು ಎಂಟನೆಯ ತರಗತಿಯ ಹುಡುಗನೊಬ್ಬ ಕೀಬೋರ್ಡಿಗೆ ಕೈ ಹಾಕಿ ಆರ್‌ಎಂ -ಆರ್ ~ ಎಂದು ಬರೆದು ಎಂಟರ್ ಒತ್ತುವ ಮೊದಲು ನನ್ನ ಮುಖ ನೋಡಿದ. ಸಾಲಿನ ಮೊದಲಿಗೆ ಹೋಗಿ ‘ಎಕೋ’ ಎಂಬ ಪದ ಸೇರಿಸಿ ಒತ್ತು ಎಂದೆ. ಅಳಿಸುವ ಬದಲು, ಶೆಲ್ ಬಿಡಿಸಿದ ಮೇಲೆ ಸಾಲು ಹೇಗಾಯಿತು ಎಂಬುದು ಪರದೆಗೆ ಬಂತು: ~ ಇದ್ದಲ್ಲಿ ಲ್ಯಾಬಿನ ಬಳಕೆದಾರನ ಇಡೀ ಮನೆ-ಫೋಲ್ಡರಿನ ದಾರಿ. ಪರೀಕ್ಷೆಗೆಂದು ಮಕ್ಕಳು ಮಾಡಿಟ್ಟ ಅಭ್ಯಾಸವೆಲ್ಲ ಅದರೊಳಗಿತ್ತು. ಇಡೀ ಕಂಪ್ಯೂಟರಿನ ಬುಡವಾದ / ಅನ್ನು ಅಳಿಸಹೊರಟರೆ ಇಂದಿನ ಆರ್‌ಎಂ ತಾನೇ ತಡೆಯುತ್ತದೆ. ಮನೆ-ಫೋಲ್ಡರಿಗೆ ಅಂಥ ಕಾವಲಿಲ್ಲ. ./~ ಎಂದು ಬರೆದರೆ ಚಿಹ್ನೆ ತುಂಡಿನ ಮೊದಲಿಗೆ ಬಾರದೆ ಇರುವುದರಿಂದ ಶೆಲ್ ಅದನ್ನು ಮುಟ್ಟುವುದಿಲ್ಲ.

ಎಕೋ ಒಳ್ಳೆಯ ಕನ್ನಡಿ, ಆದರೆ ಒಂದು ಕೊರತೆ ಇದೆ: ತುಂಡುಗಳ ನಡುವಿನ ಗಡಿಯನ್ನು ಅದು ತೋರಿಸದು. ‘ಕುಂಬಳೆ ಸೀಮೆ’ ಒಂದು ತುಂಡಾಗಿ ಹೋಯಿತೋ ಎರಡಾಗಿಯೋ ಎಂದು ಎಕೋ ಹೇಳುವುದಿಲ್ಲ. ಅದಕ್ಕೆ ಪ್ರತಿ ತುಂಡನ್ನೂ ಕೋನಾವರಣದೊಳಗೆ, ಬೇರೆ ಬೇರೆ ಸಾಲಿನಲ್ಲಿ ಇಡುವ ಪ್ರಿಂಟ್‌ಎಫ್ ಬೇಕು:

ಪ್ರಿಂಟ್‌ಎಫ್ '<%ಎಸ್>\012' ./ಕುಂಬಳೆ*

ಇಲ್ಲಿ \012 ಎಂಬುದು ಹೊಸ ಸಾಲಿನ ಅಷ್ಟಮಾನ (ಎಂಟನ್ನು ಆಧಾರವಾಗಿಟ್ಟ ಎಣಿಕೆಯ) ಸಂಕೇತ. ಅದೇ ಸಂಕೇತ ಮುಂದಿನ ತೊಡಕಿನ ಮೂಲವೂ ಹೌದು.

ಊರಿಗೊಂದು ವಿವರಣೆಯ ಫೈಲು ಇರಲೆಂದು ಮಕ್ಕಳು ಪೈಥಾನ್‌ನಲ್ಲಿ ಬರೆದ ಸ್ಕ್ರಿಪ್ಟು, ಊರ ಹೆಸರುಗಳ ಪಟ್ಟಿಯಿಂದ ಒಂದೊಂದು ಸಾಲು ಓದಿ ಆ ಹೆಸರಿನ ಫೈಲು ತೆರೆಯುತ್ತಿತ್ತು. ಸಾಲಿನ ಕೊನೆಯ ಹೊಸಸಾಲು ಗುರುತನ್ನು ಕತ್ತರಿಸಲು ಮರೆತಿದ್ದರಿಂದ ಪ್ರತಿ ಫೈಲಿನ ಹೆಸರೂ ಆ ಗುರುತಿನೊಂದಿಗೇ ಮುಗಿಯುತ್ತಿತ್ತು. ‘ಅಡೂರು’ ಎಂಬ ಫೋಲ್ಡರು ಒಂದು, ‘ಅಡೂರು’ ಮತ್ತು ಹೊಸ ಸಾಲು ಸೇರಿದ ಹೆಸರಿನ ಖಾಲಿ ಫೈಲು ಇನ್ನೊಂದು. ಲಿನಕ್ಸಿಗೆ ಇದರಲ್ಲಿ ತಪ್ಪೇನೂ ಇಲ್ಲ. / ಮತ್ತು ಶೂನ್ಯ ಬೈಟು, ಇವೆರಡನ್ನು ಬಿಟ್ಟು ಯಾವುದನ್ನು ಬೇಕಾದರೂ ಹೆಸರಿನಲ್ಲಿ ಇಡಬಹುದು, ಒಟ್ಟು 255 ಬೈಟಿನೊಳಗೆ.

ಇಂಥಲ್ಲಿ ಅನೇಕರು ಮಾಡುವುದೇನೆಂದರೆ ಫೈಂಡ್‌ನಿಂದ ಹೆಸರುಗಳ ಪಟ್ಟಿ ಮಾಡಿಸಿ, ಅದನ್ನು ಎಕ್ಸ್‌ಆರ್ಗ್ಸ್ ಮೂಲಕ ಆರ್‌ಎಂಗೆ ಹಾಯಿಸುವುದು. ಎಕ್ಸ್‌ಆರ್ಗ್ಸ್ ಖಾಲಿ ಜಾಗದಲ್ಲಿಯೂ ಹೊಸ ಸಾಲಿನಲ್ಲಿಯೂ ಹೆಸರನ್ನು ಮುರಿಯುತ್ತದೆ. ಕೊನೆಯ ಗುರುತು ಕಳಚಿ ಬಿದ್ದರೆ ಉಳಿಯುವುದು ‘ಅಡೂರು’, ಅಂದರೆ ನಿಜವಾದ ಫೋಲ್ಡರಿನ ಹೆಸರು! ಅಳಿಸಬೇಕೆಂದಿದ್ದುದು ಉಳಿದು, ಉಳಿಸಬೇಕೆಂದಿದ್ದುದರ ಮೇಲೆ ಕತ್ತಿ ಬೀಳುತ್ತದೆ. ಆದ ಕಾರಣ ಹೆಸರುಗಳ ನಡುವೆ ಶೂನ್ಯ ಬೈಟನ್ನು ಇಡುವ -ಪ್ರಿಂಟ್0 ಮತ್ತು ಅದನ್ನು ಓದುವ -0 ಆಯ್ಕೆಗಳಿವೆ. ಹೆಸರಿನಲ್ಲಿ ಬರಲಾಗದ ಬೈಟೇ ಗಡಿಯಾದಾಗ ಗೊಂದಲಕ್ಕೆ ಎಡೆಯಿಲ್ಲ. ನಮ್ಮ ಮಟ್ಟಿಗೆ ಅಷ್ಟೂ ಬೇಕಾಗಲಿಲ್ಲ. ಹೊಸ ಸಾಲಿನಿಂದ ಮುಗಿಯುವ ಹೆಸರುಗಳನ್ನಷ್ಟೇ ಹಿಡಿಯುವ ಮಾದರಿ ಸಾಕಾಯಿತು ($'' ಒಳಗಿನ ಸಂಕೇತವನ್ನು ಶೆಲ್ ಆ ಬೈಟಾಗಿಯೇ ಓದುತ್ತದೆ):

ಆರ್‌ಎಂ -ಐ ./*$'\012'

ಒಂದೊಂದಾಗಿ ಕೇಳಿತು, ಹನ್ನೆರಡಕ್ಕೂ ಹೌದು ಎಂದೆವು.

ಎರಡು ಕಾಸರಗೋಡು

ಇಷ್ಟರವರೆಗಿನವು ಯಾವ ಊರಿನ ಕಂಪ್ಯೂಟರಿನಲ್ಲಾದರೂ ಸಿಗುವಂಥವು. ನಮ್ಮ ತಲೆ ತಿಂದದ್ದು ಬೇರೆಯೇ ಒಂದು. ಪಟ್ಟಿಯಲ್ಲಿ ‘ಕಾಸರಗೋಡು’ ಎಂಬ ಫೋಲ್ಡರು ಎರಡು ಸಲ ಇತ್ತು. ಹಿಂದೆ ಮುಂದೆ ಖಾಲಿ ಜಾಗವಿಲ್ಲ, ಉದ್ಧರಣ ಚಿಹ್ನೆಯಿಲ್ಲ, ಅಕ್ಷರಕ್ಕೆ ಅಕ್ಷರ ಒಂದೇ.

“ಅಣ್ಣಾ, ಎರಡೂ ಒಂದೇ ಅಲ್ವ? ಒಂದನ್ನು ತೆಗೆದ್ರೆ ಆಯ್ತಲ್ಲ,” ಎಂದ ಅದೇ ಹುಡುಗ.

ಒಂದೇ ಫೋಲ್ಡರಿನೊಳಗೆ ಒಂದೇ ಹೆಸರಿನ ಎರಡು ಇರುವುದು ಸಾಧ್ಯವಿಲ್ಲ. ಆದ್ದರಿಂದ ಎರಡು ಕಂಡರೆ ಹೆಸರು ಎರಡು ಎಂದೇ ಅರ್ಥ. ಸುಳಿವು ಕೊಟ್ಟದ್ದು ಟೀಚರ್. ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ ಅವರು, ಮಂಜೇಶ್ವರ, ಹೊಸಂಗಡಿ, ಪೈವಳಿಕೆ, ಮುಳ್ಳೇರಿಯ, ಬೇಕಲ, ನೀಲೇಶ್ವರ ಎಲ್ಲವೂ ಎರಡೆರಡು ಇವೆ, ಉಪ್ಪಳ, ಬದಿಯಡ್ಕ, ಪೆರ್ಲ, ಅಡೂರು ಮಾತ್ರ ಒಂದೊಂದೇ ಇವೆ ಎಂದರು. ಕಾಗದದಲ್ಲಿ ಎರಡು ಸಾಲಾಗಿ ಬರೆದಾಗ ಕಾರಣ ತಾನಾಗಿ ಎದ್ದು ಬಂತು. ಎರಡೆರಡಾದ ಊರುಗಳಲ್ಲೆಲ್ಲ ಈ, ಏ, ಐ, ಒ, ಓ ಸ್ವರಗಳ ಗುಣಿತವಿತ್ತು. ಒಂದೇ ಇದ್ದವುಗಳಲ್ಲಿ ಅವು ಇರಲಿಲ್ಲ.

ಯೂನಿಕೋಡಿನಲ್ಲಿ ಈ ಐದು ಸ್ವರಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು. ‘ಗೋ’ದ ಓತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಇಲ್ಲವೇ ಎತ್ವ, ಅದಕ್ಕೆ ಊಕಾರದ ಚಿಹ್ನೆ, ಅದಕ್ಕೆ ದೀರ್ಘದ ಚಿಹ್ನೆ ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಇಡಬಹುದು. ನಾವು ಹಲಗೆಯ ಮೇಲೆ ಬರೆಯುವಾಗ ಕೈ ಹೋಗುವುದೂ ಹೆಚ್ಚು ಕಡಿಮೆ ಎರಡನೆಯ ಕ್ರಮದಲ್ಲಿಯೇ. ಎರಡೂ ಪರದೆಯಲ್ಲಿ ಒಂದೇ ಆಕಾರವಾಗಿ ಮೂಡುತ್ತವೆ, ಮೂಡಬೇಕಾದ್ದೇ ಹಾಗೆ. ಆದರೆ ಲಿನಕ್ಸಿನ ಫೈಲು ವ್ಯವಸ್ಥೆ ಆಕಾರವನ್ನು ನೋಡುವುದಿಲ್ಲ, ಬೈಟುಗಳನ್ನು ನೋಡುತ್ತದೆ. ಕೂಡಿಸಿ ಬರೆದ ‘ಕಾಸರಗೋಡು’ 24 ಬೈಟು, ಬಿಡಿಸಿ ಬರೆದದ್ದು 30 ಬೈಟು. ಅದಕ್ಕೆ ಇವು ಎರಡು ಬೇರೆ ಊರು.

ಬಿಡಿಸಿದ ಹೆಸರು ಬಂದದ್ದು ಎಲ್ಲಿಂದ ಎಂದು ವಿಚಾರಿಸಿದಾಗ ಉತ್ತರ ಸಿಕ್ಕಿತು. ಸಂಗ್ರಹದ ಒಂದು ಪ್ರತಿಯನ್ನು ಒಬ್ಬ ಪೋಷಕರು ತಮ್ಮ ಹಳೆಯ ಮ್ಯಾಕ್ ಲ್ಯಾಪ್‌ಟಾಪಿನಲ್ಲಿ ತಿದ್ದಿ ಝಿಪ್ ಮಾಡಿ ಕೊಟ್ಟಿದ್ದರು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನೆಲ್ಲ ಬಿಡಿಸಿದ ರೂಪದಲ್ಲಿಯೇ ಇಟ್ಟುಕೊಳ್ಳುತ್ತದೆ. ಆ ಝಿಪ್ಪನ್ನು ಇಲ್ಲಿ ಬಿಚ್ಚಿದಾಗ ಪೆರ್ಲ ಪೆರ್ಲದೊಳಗೆ ಸೇರಿತು, ಕಾಸರಗೋಡಿಗೆ ಮಾತ್ರ ಪಕ್ಕದಲ್ಲಿ ಇನ್ನೊಂದು ಕಾಸರಗೋಡು ಎದ್ದಿತು.

ಹುಡುಗ ಹೇಳಿದಂತೆ ‘ಒಂದನ್ನು ತೆಗೆದರೆ’ ಏನಾಗುತ್ತಿತ್ತು? ಕೀಬೋರ್ಡಿನಿಂದ ‘ಕಾಸರಗೋಡು’ ಎಂದು ಒತ್ತಿದಾಗ ಬರುವುದು ಕೂಡಿಸಿದ ರೂಪ. ಅಂದರೆ ನಮ್ಮ ಮನಸ್ಸಿನಲ್ಲಿ ಯಾವುದೇ ಇರಲಿ, ಅಳಿದುಹೋಗುತ್ತಿದ್ದುದು ಯಾವಾಗಲೂ ಶಾಲೆಯ ಮೂಲ ಪ್ರತಿ.

ಕಣ್ಣನ್ನು ನಂಬದೆ ಬೈಟನ್ನು ನೋಡಲು, ಎಲ್‌ಎಸ್‌ಗೆ ಆ ಹೊತ್ತಿನ ಮಟ್ಟಿಗೆ ಕನ್ನಡವೇ ತಿಳಿಯದಂತೆ ಮಾಡಬೇಕು. ಭಾಷಾ ಪರಿಸರವನ್ನು ‘ಸಿ’ ಎಂದು ಕೊಟ್ಟು (ಆ ಭಾಗವನ್ನು ಮಾತ್ರ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕು) -ಬಿ ಆಯ್ಕೆಯೊಂದಿಗೆ ಕರೆದರೆ, ಪ್ರತಿ ಬೈಟನ್ನೂ ಅಷ್ಟಮಾನದಲ್ಲಿ ಬರೆದು ತೋರಿಸುತ್ತದೆ:

ಎಲ್‌ಸಿ_ಆಲ್=ಸಿ ಎಲ್‌ಎಸ್ -ಬಿ

ಉದ್ದನೆಯ ಸಂಖ್ಯೆಗಳ ಸಾಲುಗಳ ನಡುವೆ ‘ಗೋ’ ಇರುವ ಭಾಗ ಎರಡು ಬಗೆಯಲ್ಲಿ ಕಂಡಿತು:

\340\262\227\340\263\213
\340\262\227\340\263\206\340\263\202\340\263\225

ಮೊದಲ ಮೂರು ಸಂಖ್ಯೆ ಎರಡರಲ್ಲೂ ‘ಗ’. ಉಳಿದದ್ದರಲ್ಲಿ ವ್ಯತ್ಯಾಸ. ಕೊನೆಯ \340\263\225 ಎಂಬುದು ಬಿಡಿ ದೀರ್ಘದ ಚಿಹ್ನೆ. ಕೂಡಿಸಿ ಬರೆದ ಕನ್ನಡದಲ್ಲಿ ಅದು ಬರುವುದೇ ಇಲ್ಲ. ಆದ್ದರಿಂದ ಅದನ್ನೇ ಬಲೆಯಾಗಿ ಹಾಕಿ ಪಟ್ಟಿ ಮಾಡಿದೆವು:

ಎಲ್‌ಎಸ್ -ಡಿ ./*$'\340\263\225'*

ಬಲೆಗೆ ಐದು ಬಿದ್ದವು: ಮಂಜೇಶ್ವರ, ಮುಳ್ಳೇರಿಯ, ಕಾಸರಗೋಡು, ಬೇಕಲ, ನೀಲೇಶ್ವರ. ಏಳು ಬೀಳಬೇಕಿತ್ತು. ಹೊಸಂಗಡಿಯ ಒತ್ವದಲ್ಲಿ ದೀರ್ಘವಿಲ್ಲ, ಪೈವಳಿಕೆಯ ಐತ್ವಕ್ಕೆ ಬೇರೆಯೇ ಚಿಹ್ನೆ ಇದೆ ಎಂಬುದು ನನಗೆ ಹೊಳೆಯಲಿಲ್ಲ. ಟೀಚರ್ ಕಾಗದದ ಪಟ್ಟಿ ಹಿಡಿದು ಲೆಕ್ಕ ತಾಳೆ ನೋಡಿದಾಗಲೇ ತಿಳಿದದ್ದು. ಇವೆರಡಕ್ಕೂ ಐನೋಡ್ ಸಂಖ್ಯೆಯ ದಾರಿ ಹಿಡಿದೆವು.

ಪ್ರತಿ ಫೈಲಿಗೂ ಫೋಲ್ಡರಿಗೂ ಹೆಸರಿನ ಹಿಂದೆ ಒಂದು ಐನೋಡ್ ಸಂಖ್ಯೆ ಇರುತ್ತದೆ. ಎಲ್‌ಎಸ್ -ಐ ಅದನ್ನು ತೋರಿಸುತ್ತದೆ. ಹೆಸರನ್ನು ಒತ್ತಲು ಸಾಧ್ಯವೇ ಇಲ್ಲದಾಗ ಸಂಖ್ಯೆಯಿಂದ ಹಿಡಿಯಬಹುದು. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಸಂಕೇತದಲ್ಲಿ ಹೆಸರಿಟ್ಟು, ಬೇರೆ ಸಂಕೇತದಲ್ಲಿ ಬಿಚ್ಚಿ, ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತಿದ್ದ ನಾಲ್ಕು ಫೈಲುಗಳಿಗೂ ಇದೇ ಮದ್ದು. ಅಲ್ಲಿ ಕಂಡದ್ದನ್ನು ಕಂಡಂತೆ ????? ಎಂದು ಒತ್ತುವುದು ಅಪಾಯ, ಏಕೆಂದರೆ ಶೆಲ್‌ಗೆ ? ಎಂದರೆ ಯಾವುದಾದರೂ ಒಂದು ಸಂಕೇತ. ಐದು ? ಇಟ್ಟರೆ ‘ಪೆರ್ಲ’ವೂ ‘ಉಪ್ಪಳ’ವೂ ಹೊಂದುತ್ತವೆ, ನಾವು ಎಣಿಸುವುದು ಅಕ್ಷರ, ಅದು ಎಣಿಸುವುದು ಅರ್ಧಾಕ್ಷರದ ಗುರುತನ್ನೂ ಸೇರಿಸಿ.

ಫೈಂಡ್ . -ಎಕ್ಸ್‌ಡೆವ್ -ಮ್ಯಾಕ್ಸ್‌ಡೆಪ್ತ್ 1 -ಐನಮ್ 264207 -ಪ್ರಿಂಟ್

ಮೊದಲು -ಪ್ರಿಂಟ್. ಅದು ತೋರಿಸಿದ್ದು ಸರಿ ಎಂದಾದ ಮೇಲೆ, ಬಾಣದ ಕೀ ಒತ್ತಿ ಅದೇ ಸಾಲನ್ನು ಮರಳಿ ತಂದು, ಕೊನೆಯ ಪದವನ್ನಷ್ಟೇ ಬದಲಿಸುವುದು. ಫೈಂಡ್‌ಗೆ -ಡಿಲೀಟ್ ಎಂಬ ಆಯ್ಕೆಯೂ ಇದೆ, ಆದರೆ ಅದು ಎಡದಿಂದ ಬಲಕ್ಕೆ ಓದುವ ಪ್ರಾಣಿ: -ಡಿಲೀಟ್ ಅನ್ನು ಷರತ್ತಿನ ಮೊದಲು ಬರೆದರೆ ಷರತ್ತು ನೋಡುವ ಮೊದಲೇ ಅಳಿಸಿರುತ್ತದೆ. ಐನೋಡ್ ಸಂಖ್ಯೆ ಒಂದು ಪಾರ್ಟಿಶನ್ನಿನೊಳಗೆ ಮಾತ್ರ ಅನನ್ಯವಾದ್ದರಿಂದ -ಎಕ್ಸ್‌ಡೆವ್ ಹಾಕಿ ಹುಡುಕಾಟ ಬೇರೆ ಪಾರ್ಟಿಶನ್ನಿಗೆ ಹಾಯದಂತೆ ಕಟ್ಟಿದೆವು. ಒಂದೇ ಐನೋಡಿಗೆ ಎರಡು ಹೆಸರುಗಳಿದ್ದರೆ ಎರಡೂ ಸಿಕ್ಕುತ್ತವೆ ಎಂಬುದನ್ನೂ -ಪ್ರಿಂಟ್ ಸಾಲೇ ತೋರಿಸಿಕೊಡುತ್ತದೆ.

ಎರಡು ಕಾಸರಗೋಡುಗಳಲ್ಲಿ ಬಿಡಿಸಿದ ಹೆಸರಿನದನ್ನು ಹಾಗೆಯೇ ಅಳಿಸಲಿಲ್ಲ. ಅದರ ಹೆಸರನ್ನು ಎಂವಿ ಮೂಲಕ ‘ಮ್ಯಾಕ್‌-ಕಾಸರಗೋಡು’ ಎಂದು ಬದಲಿಸಿ, ಕಣ್ಣಿಗೂ ಬೇರೆಯಾಗಿ ಕಾಣುವಂತೆ ಮಾಡಿ, ಡಿಫ್ -ಆರ್‌ಕ್ಯೂ ಇಂದ ಎರಡನ್ನೂ ಹೋಲಿಸಿದೆವು. ಪೋಷಕರು ಸದ್ದು ಶುದ್ಧಗೊಳಿಸಿದ ಮೂರು ಧ್ವನಿಮುದ್ರಣಗಳು ಮ್ಯಾಕ್ ಪ್ರತಿಯಲ್ಲಿ ಮಾತ್ರ ಇದ್ದವು. ನಕಲು ಎಂದುಕೊಂಡದ್ದು ಪೂರ್ತಿ ನಕಲಾಗಿರಲಿಲ್ಲ. ಮೂರನ್ನೂ ಮೂಲಕ್ಕೆ ಸೇರಿಸಿದೆವು.

ಮಲಯಾಳದಲ್ಲಿ ಹೆಸರಿಟ್ಟ ಒಂದೆರಡು ಫೋಲ್ಡರುಗಳಲ್ಲಿಯೂ ಇಂಥದೇ ಜೋಡಿ ಸಿಕ್ಕಿತು, ಕಾರಣ ಮಾತ್ರ ಬೇರೆ. ಚಿಲ್ಲಕ್ಷರಗಳಿಗೆ (ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳಿಗೆ) 2008ರ ಯೂನಿಕೋಡ್ 5.1 ಸ್ವತಂತ್ರ ಸಂಕೇತ ಕೊಡುವ ಮೊದಲು ಅವುಗಳನ್ನು ಕಣ್ಣಿಗೆ ಕಾಣದ ಜೋಡಕದ ನೆರವಿನಿಂದ ಬರೆಯುತ್ತಿದ್ದರು. ಮಲಯಾಳದ ‘ಕಾಸರ್‌ಗೋಡ್’ನಲ್ಲಿ ಅಂಥದೊಂದು ಚಿಲ್ಲು ಇದೆ. ಕನ್ನಡದಲ್ಲಿಯೂ ಕಾಣದ ಅಕ್ಷರದ ಕಾಟ ಇಲ್ಲದಿಲ್ಲ: ‘ಬ್ಯಾಕಪ್’ ಎಂಬ ಎರಡು ಫೋಲ್ಡರುಗಳಲ್ಲಿ ಒಂದರ ಬಾಲದಲ್ಲಿ, ಅರ್ಧಾಕ್ಷರವನ್ನು ಬಿಡಿಯಾಗಿ ನಿಲ್ಲಿಸಲು ಕೀಬೋರ್ಡು ಸೇರಿಸುವ ಶೂನ್ಯಾಗಲದ ಗುರುತು ಅಂಟಿಕೊಂಡಿತ್ತು. ಅದನ್ನು $'\342\200\214' ಎಂದು ಬರೆದು ಹಿಡಿದೆವು.

ತಡೆದು ಅಳಿಸಿದ್ದು

ಬೇಡವೆಂದು ತೀರ್ಮಾನಿಸಿದ್ದನ್ನೆಲ್ಲ ಆ ದಿನವೇ ಅಳಿಸದೆ, ಅದೇ ಪಾರ್ಟಿಶನ್ನಿನಲ್ಲಿ ‘ತೆಗೆಯಲಿರುವುದು’ ಎಂಬ ಫೋಲ್ಡರು ಮಾಡಿ ಎಂವಿ -ಎನ್ ಮೂಲಕ ಅಲ್ಲಿಗೆ ಸರಿಸಿದೆವು. -ಎನ್ ಇದ್ದರೆ ಅದೇ ಹೆಸರಿನದು ಅಲ್ಲಿ ಮೊದಲೇ ಇದ್ದಾಗ ಅದರ ಮೇಲೆ ಬರೆಯುವುದಿಲ್ಲ. ಒಂದೇ ಪಾರ್ಟಿಶನ್ನಿನೊಳಗೆ ಸರಿಸುವುದೆಂದರೆ ಹೆಸರು ಬದಲಿಸುವುದಷ್ಟೇ, ಹೆಚ್ಚಿನ ಜಾಗ ಬೇಕಿಲ್ಲ. ಜಾಗ ಬಿಡುಗಡೆಯೂ ಆಗುವುದಿಲ್ಲ, ಆದರೆ ಕಸದಬುಟ್ಟಿ ಖಾಲಿಯಾದ ಮೇಲೆ ನಮಗೆ ಅದರ ಅವಸರವಿರಲಿಲ್ಲ.

ಆರ್‌ಎಂಗೆ ಯಾವಾಗಲೂ -ಐ ಸೇರಿಕೊಳ್ಳುವಂತೆ ಅಡ್ಡಹೆಸರು ಕಟ್ಟಿಬಿಡೋಣವೇ ಎಂದು ಟೀಚರ್ ಕೇಳಿದರು. ನಾನು ಬೇಡವೆಂದೆ. ನೂರು ಸಲ ಕೇಳಿದರೆ ನೂರು ಸಲವೂ ನೋಡದೆ ಹೌದು ಎನ್ನುವುದು ಅಭ್ಯಾಸವಾಗುತ್ತದೆ, ಮತ್ತು ಆ ಅಡ್ಡಹೆಸರಿಲ್ಲದ ಬೇರೆ ಕಂಪ್ಯೂಟರಿನ ಮುಂದೆ ಕುಳಿತ ದಿನ, ಕೇಳುತ್ತದೆ ಎಂಬ ನಂಬಿಕೆಯಲ್ಲೇ ಕೈ ಓಡುತ್ತದೆ. ಮೂರಕ್ಕಿಂತ ಹೆಚ್ಚು ಫೈಲುಗಳಿದ್ದಾಗ, ಅಥವಾ ಫೋಲ್ಡರಿನ ಒಳಗೆಲ್ಲ ಅಳಿಸುವಾಗ, ಒಂದೇ ಒಂದು ಸಲ ಕೇಳುವ ದೊಡ್ಡ ‘ಐ’ ಆಯ್ಕೆ ಗ್ನೂ ಆರ್‌ಎಂನಲ್ಲಿದೆ. ಅದನ್ನು ಕೈಯಿಂದಲೇ ಒತ್ತುವ ರೂಢಿ ಮಾಡಿಸಿದೆ.

ಉಳಿದ ಹೆಸರುಗಳನ್ನು ಕೂಡಿಸಿದ ರೂಪಕ್ಕೆ ತರಲು ಕಾನ್ವ್‌ಎಂವಿ ಎಂಬ ಉಪಕರಣವನ್ನು ಬಳಸಿದೆವು. ಬೇರೆಯಾಗಿ ಹೇಳದ ಹೊರತು ಅದು ಏನು ಮಾಡುವೆನೆಂದು ತೋರಿಸುತ್ತದೆಯೇ ವಿನಾ ಏನನ್ನೂ ಮುಟ್ಟುವುದಿಲ್ಲ. ಎಲ್ಲ ಉಪಕರಣಗಳೂ ಇದೇ ಸ್ವಭಾವದವಾಗಿದ್ದರೆ ನನ್ನ ಶನಿವಾರ ಬೇರೆಯಾಗಿರುತ್ತಿತ್ತು.

ಕುಂಬಳೆಯ ಹನ್ನೊಂದರಲ್ಲಿ ಒಂಬತ್ತು ಧ್ವನಿಮುದ್ರಣಗಳು ಮಕ್ಕಳ ಫೋನುಗಳಲ್ಲಿ ಸಿಕ್ಕಿದವು. ಹತ್ತನೆಯದನ್ನು ಹೇಳಿದ ಅಜ್ಜಿಯ ಮನೆಗೆ ಇಬ್ಬರು ಮಕ್ಕಳು ಹೋಗಿ ಇನ್ನೊಮ್ಮೆ ದಾಖಲಿಸಿಕೊಂಡು ಬಂದರು. ಈ ಸಲದ್ದು ಮೊದಲಿನದಕ್ಕಿಂತ ಉದ್ದವಿದೆಯಂತೆ. ಹನ್ನೊಂದನೆಯದು ಇದ್ದ ಫೋನನ್ನು ಅದರ ಮನೆಯವರು ಹೊಸದರ ವಿನಿಮಯಕ್ಕೆ ಕೊಟ್ಟಾಗಿತ್ತು. ಪರೀಕ್ಷೆ ಮುಗಿದ ಮರುವಾರ ‘ತೆಗೆಯಲಿರುವುದು’ ಫೋಲ್ಡರನ್ನು ಟೀಚರ್ ತಾವೇ ಅಳಿಸಿದರು. ಅದಕ್ಕೆ ಮೊದಲು ಅದೇ ಸಾಲನ್ನು ಎಕೋ ಸೇರಿಸಿ ಒಮ್ಮೆ ಒತ್ತಿ, ಪರದೆಯ ಫೋಟೋ ತೆಗೆದು ನನಗೆ ಕಳಿಸಿ, ನಾನು ಸರಿ ಎನ್ನುವ ತನಕ ಕಾದಿದ್ದರು.